ಫಾರ್ಮ್ಯಾಟ್ ಮಾಡುವ ಮುನ್ನ: ಸಿ.ಡಿ. ಇಲ್ಲದ ಹಳೇ ಕಂಪ್ಯೂಟರನ್ನು ಎಬ್ಬಿಸುವುದು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಹಾಸನದವರ ಜೊತೆ ಸಕಲೇಶಪುರ, ಆಲೂರು, ಬೇಲೂರು ಕಡೆಯವರೂ ಇದ್ದೀರಿ. ಹಿಂದಿನ ಸಾಲಿನಲ್ಲಿ ಒಬ್ಬರು ಸಿಪಿಯು ಡಬ್ಬವನ್ನೇ ಗೋಣಿಚೀಲದಲ್ಲಿ ಸುತ್ತಿ ತಂದಿದ್ದಾರೆ. ಅದನ್ನು ಕೊನೆಗೆ ಬಿಚ್ಚೋಣ.

ನಮ್ಮತ್ತೆ ಮನೆ ಸಕಲೇಶಪುರದಿಂದ ಒಳಗೆ, ಕಾಫಿ ತೋಟದ ಮಧ್ಯೆ. ಅಲ್ಲಿ 2005ರಲ್ಲಿ ತಂದ ಕಂಪ್ಯೂಟರ್ ಒಂದಿತ್ತು. ವಿಂಡೋಸ್ ಎಕ್ಸ್‌ಪಿ, 80 ಜಿ.ಬಿ. ಹಾರ್ಡ್ ಡಿಸ್ಕ್. ಮಾವ ತೀರಿಕೊಂಡ ಮೇಲೆ ಅದರ ಮೇಲೆ ಒಂದು ಹಳೇ ಟವೆಲ್ ಹೊದಿಸಿ ಇಟ್ಟಿದ್ದರು. ಹೋದ ವರ್ಷ ಆನ್ ಮಾಡಿದರೆ ವಿಂಡೋಸ್ ಚಿತ್ರ ಬಂತು, ನೀಲಿ ಪರದೆ ಬಂತು, ಮತ್ತೆ ಮೊದಲಿಂದ ಶುರು. ಅಂಗಡಿಗೆ ಒಯ್ದರೆ, ವಿಂಡೋಸ್ ಮತ್ತೆ ಹಾಕಲು ಕಂಪ್ಯೂಟರಿನ ಜೊತೆಗೆ ಬಂದ ಸಿ.ಡಿ. ಕೇಳಿದರು. ಬಿಸ್ಕತ್ತಿನ ಡಬ್ಬದಲ್ಲಿದ್ದ ಸಿ.ಡಿ.ಗಳಿಗೆ ಬೂಷ್ಟು ಹಿಡಿದು ಬೆಳ್ಳಿ ಪದರವೇ ಎದ್ದು ಬಂದಿತ್ತು. "ಹಾಗಾದ್ರೆ ಫಾರ್ಮ್ಯಾಟ್ ಮಾಡಿ ಬೇರೆ ಹಾಕ್ಕೊಡ್ತೀವಿ" ಅಂದರಂತೆ. ಅಂದರೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿಬಿಡುವುದು. ಅತ್ತೆಗೆ ಯಾಕೋ ಮನಸ್ಸು ಒಪ್ಪಲಿಲ್ಲ. ನನಗೆ ಫೋನ್ ಮಾಡಿದರು. "ನಿಮ್ಮ ಮಾವ ಟೈಪ್ ಮಾಡಿದ್ದೆಲ್ಲ ಅದರೊಳಗೇ ಇದೆ ಕಣಪ್ಪ. ಮಿಷಿನ್ ಹೋದ್ರೆ ಹೋಗಲಿ, ಅದೊಂದು ತೆಗೆದುಕೊಡು" ಅಂದರು.

ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ. ಸಿ.ಡಿ. ಇಲ್ಲ ಅಂದ ಮಾತ್ರಕ್ಕೆ ಹಳೇ ಡಿಸ್ಕನ್ನು ಅಳಿಸಬೇಡಿ. ನೀವು ಹುಡುಕುತ್ತಿರುವ ಸಿ.ಡಿ.ಯಲ್ಲಿ ಏನಿತ್ತೋ ಅದು ಬಹಳ ಸಲ ಆ ಡಿಸ್ಕಿನ ಮೇಲೇ ಕೂತಿರುತ್ತದೆ.

ಆದರೆ ಮೊದಲು ಪ್ಲಗ್ ಹಾಕುವ ಆಸೆ ತಡೆದುಕೊಳ್ಳಿ. ಮಲೆನಾಡಿನ ಮನೆಯಲ್ಲಿ ಐದಾರು ಮಳೆಗಾಲ ಸುಮ್ನೆ ಕೂತ ಡಬ್ಬ ಅದು. ಮುಚ್ಚಳ ತೆಗೆದು ಎರಡು ದಿನ ಒಣ ಕೋಣೆಯಲ್ಲಿಡಿ. ಒಳಗೆ ಜೇಡರ ಬಲೆ, ಇರುವೆ, ಹಲ್ಲಿ ಮೊಟ್ಟೆ ಎಲ್ಲ ಇರುತ್ತದೆ. ಬಣ್ಣ ಬಳಿಯುವ ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಆಮೇಲೆ ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳನ್ನು ನೋಡಿ. ಸಣ್ಣ ಡ್ರಮ್ಮಿನಂಥವು. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಆ ಬೋರ್ಡಿಗೆ ಕರೆಂಟ್ ಕೊಡಬೇಡಿ. ಸುಮಾರು 1999ರಿಂದ 2007ರವರೆಗೆ ಬಂದ ಎಷ್ಟೋ ಬೋರ್ಡುಗಳಿಗೆ ಈ ರೋಗ ಇತ್ತು. ಒಳಗಿನ ದ್ರವವೇ ಸರಿ ಇರಲಿಲ್ಲ. ಜೊತೆಗೆ ಸಿ.ಆರ್. 2032 ಅನ್ನುವ ಬಿಲ್ಲೆ ಬ್ಯಾಟರಿಯನ್ನೂ ಬದಲಾಯಿಸಿ. 3 ವೋಲ್ಟಿನದು. ಅದು ಸತ್ತರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಬಯಾಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ, ತನ್ನ ಸೆಟ್ಟಿಂಗ್ ಮರೆಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಾರ್ಡ್ ಡಿಸ್ಕನ್ನು ಹೊರಗೆ ತೆಗೆಯಿರಿ. 2005ರ ಡಿಸ್ಕಾದರೆ ಹೆಚ್ಚಾಗಿ ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್. ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಇಂಥ ಡೆಸ್ಕ್‌ಟಾಪಿನ ದೊಡ್ಡ ಗಾತ್ರದ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಪವರ್ ಇರುವ ಅಡಾಪ್ಟರನ್ನೇ ಕೊಳ್ಳಿ. ಡಿಸ್ಕಿನ ಹಿಂದಿರುವ ಜಂಪರ್ ಅನ್ನುವ ಪುಟ್ಟ ಕೊಂಡಿ ಮಾಸ್ಟರ್ ಅಂತ ಗುರುತಿರುವ ಜಾಗದಲ್ಲಿರಲಿ. ಇನ್ನೊಂದು ಕಂಪ್ಯೂಟರಿನಲ್ಲಿ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಹಾಕಿಕೊಂಡು ಡಿಡಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನು ಒಂದು ಫೈಲಾಗಿ ನಕಲು ಮಾಡಿ. ಬರೀ ಫೋಟೋ, ಡಾಕ್ಯುಮೆಂಟ್ ಅಲ್ಲ. ಡಿಸ್ಕಿನ ಸಣ್ಣ ಸಣ್ಣ ಖಾನೆಗಳಿಗೆ ಸೆಕ್ಟರ್ ಅನ್ನುತ್ತಾರೆ; ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ.

ಡಿಡಿರೆಸ್ಕ್ಯೂ ಯಾಕೆ ಒಳ್ಳೆಯದು ಗೊತ್ತಾ? ಅದು ಕೆಟ್ಟ ಜಾಗದಲ್ಲಿ ಹಟ ಹಿಡಿದು ಕೂರುವುದಿಲ್ಲ. ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಎಲ್ಲಿವರೆಗೆ ಆಯಿತು ಅನ್ನುವುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆ ಅಲ್ವಾ? ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಆರೋಗ್ಯವಾಗಿರುವ 80 ಜಿ.ಬಿ. ಡಿಸ್ಕ್ ಒಂದು ಗಂಟೆ ಆಚೀಚೆ ಮುಗಿಯುತ್ತದೆ. ಮಾವನ ಡಿಸ್ಕ್ ಇಡೀ ರಾತ್ರಿ ತೆಗೆದುಕೊಂಡಿತು. ನಡುನಡುವೆ ಟಿಕ್ ಟಿಕ್ ಅನ್ನುತ್ತಿತ್ತು. ನಾನು ಪಕ್ಕದಲ್ಲೇ ಚಾಪೆ ಹಾಕಿಕೊಂಡಿದ್ದೆ, ನಿದ್ದೆ ಮಾತ್ರ ಬರಲಿಲ್ಲ.

ನಕಲು ಕೈಗೆ ಬಂದ ಮೇಲೆ ಹುಡುಕಾಟ. ದೊಡ್ಡ ಕಂಪನಿಯ ಕಂಪ್ಯೂಟರಾದರೆ ಡಿಸ್ಕಿನ ಕೊನೆಗೋ ಮೊದಲಿಗೋ ಕೆಲವು ಜಿ.ಬಿ.ಯ ಬಚ್ಚಿಟ್ಟ ಭಾಗ ಇರಬಹುದು. ಅದೇ ರಿಕವರಿ ಪಾರ್ಟಿಷನ್, ವಿಂಡೋಸನ್ನು ಮತ್ತೆ ಹಾಕಲು ಬೇಕಾದದ್ದು ಅದರಲ್ಲಿರುತ್ತದೆ. ಎಷ್ಟೋ ಮಾಡೆಲ್‌ಗಳಿಗೆ ಸಿ.ಡಿ.ಯೇ ಕೊಡುತ್ತಿರಲಿಲ್ಲ, ನೀವೇ ಖಾಲಿ ಸಿ.ಡಿ.ಗೆ ಬರೆದುಕೊಳ್ಳಿ, ಅವರ ಮಾತಲ್ಲಿ ಸುಟ್ಟುಕೊಳ್ಳಿ ಅನ್ನುತ್ತಿದ್ದರು. ನಮ್ಮಲ್ಲಿ ಯಾರು ಸುಟ್ಟರು ಹೇಳಿ! ಆನ್ ಮಾಡಿದ ತಕ್ಷಣ ಎಚ್‌ಪಿಯಲ್ಲಿ ಎಫ್10 ಅಥವಾ ಎಫ್11, ಡೆಲ್‌ನಲ್ಲಿ ಕಂಟ್ರೋಲ್ ಜೊತೆ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10 ಒತ್ತಿದರೆ ಅದು ಎದ್ದು ಬರುತ್ತದೆ. ಕೀ ಕೆಲಸ ಮಾಡದಿದ್ದರೆ ಪಾರ್ಟಿಷನ್ ಹೋಗಿದೆ ಅಂದುಕೊಳ್ಳಬೇಡಿ. ಯಾರೋ ಬೂಟ್ ಭಾಗ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಭಾಗ, ಬದಲಾಯಿಸಿರಬಹುದು, ಒಳಗಿನದು ಹಾಗೇ ಇರಬಹುದು. ಒಂದು ಎಚ್ಚರಿಕೆ: ರಿಕವರಿ ಓಡಿಸಿದರೆ ಸಾಮಾನ್ಯವಾಗಿ ಸಿ ಡ್ರೈವ್ ಪೂರ್ತಿ ಅಳಿಸಿಹೋಗುತ್ತದೆ. ಅದಕ್ಕೇ ನಕಲು ಮೊದಲು ಅಂದದ್ದು. ಓಡಿಸುವುದನ್ನೂ ಹಳೇ ಡಿಸ್ಕಿನ ಮೇಲೆ ಬೇಡ. ನಕಲನ್ನು ಇನ್ನೊಂದು ಡಿಸ್ಕಿಗೆ ಇಳಿಸಿ, ಅದರ ಮೇಲೆ ಓಡಿಸಿ.

ಪಾರ್ಟಿಷನ್ ಇಲ್ಲವಾ? ಸಿ ಡ್ರೈವಿನಲ್ಲಿ ಐ386 (i386) ಅನ್ನುವ ಫೋಲ್ಡರ್ ಹುಡುಕಿ. ಕೆಲವು ಸಲ ವಿಂಡೋಸ್ ಫೋಲ್ಡರಿನ ಒಳಗಿರುತ್ತದೆ. ಎಕ್ಸ್‌ಪಿ ಸಿ.ಡಿ.ಯ ತಿರುಳೇ ಅದು. ಪೂರ್ತಿ ಇದ್ದರೆ ಅದರಿಂದ ಬೂಟ್ ಆಗುವ ಸಿ.ಡಿ. ಮಾಡಿಕೊಳ್ಳಬಹುದು. ಡಬ್ಬದ ಮೇಲಿನ ಸ್ಟಿಕ್ಕರಿನಲ್ಲಿ, ವಿಂಡೋಸ್ ಹಾಕುವಾಗ ಕೇಳುವ 25 ಅಕ್ಷರದ ಕೀ ಇರುತ್ತದೆ, ಈಗಲೇ ಫೋಟೋ ತೆಗೆದಿಡಿ, ಶಾಯಿ ಮಾಸುತ್ತದೆ. ಸ್ಟಿಕ್ಕರಿನಲ್ಲಿ ಎಕ್ಸ್‌ಪಿ ಹೋಮ್ ಅಂತಿದ್ದರೆ ಎಕ್ಸ್‌ಪಿ ಪ್ರೊಫೆಷನಲ್ ಸಿ.ಡಿ.ಗೆ ಆ ಕೀ ಹೊಂದುವುದಿಲ್ಲ.

ಡ್ರೈವರ್, ಅಂದರೆ ಸೌಂಡ್, ಡಿಸ್‌ಪ್ಲೇಯಂಥ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಚ್‌ಪಿಯಲ್ಲಿ ಎಸ್‌ಡಬ್ಲ್ಯೂಸೆಟಪ್ (SWSetup) ಅನ್ನುವ ಫೋಲ್ಡರಿನಲ್ಲಿ ಸಿಗಬಹುದು. ಒಳಗಿನ ಭಾಗಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬಂದರೆ ಅದರ ಹಾರ್ಡ್‌ವೇರ್ ಐಡಿ ನೋಡಿ. ಅದರಲ್ಲಿ ತಯಾರಕರ ಸಂಖ್ಯೆ 8086 ಅಂದರೆ ಇಂಟೆಲ್ ಕಂಪನಿಯದು. ಅಲ್ಲಿಂದ ಜಾಡು ಹಿಡಿಯಿರಿ. ಇಂಟರ್‌ನೆಟ್ ಮಾತ್ರ ಕೊಡಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿಯಿತು.

ಮಾವನ ಫೈಲುಗಳು ಸಿಕ್ಕವು. ತೆರೆದರೆ ಒಂದಕ್ಷರ ಅರ್ಥವಾಗಲಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೆರೆ, ಕೊಂಬು. ಫೈಲ್ ಕೆಟ್ಟಿದೆ ಅಂತ ಅತ್ತೆ ಮುಖ ಚಿಕ್ಕದು ಮಾಡಿಕೊಂಡರು. ಕೆಟ್ಟಿರಲಿಲ್ಲ. ಆಗಿನ "ನುಡಿ", "ಬರಹ" ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಹೀಗೆ ಟೈಪ್ ಮಾಡಿದ ಕನ್ನಡ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಉಳಿಯುತ್ತಿತ್ತು. ಅದನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟ್ ಮಾತ್ರ. ಫಾಂಟ್ ಹೋದರೆ ಕನ್ನಡವೂ ಹೋಯಿತು. ಆ ಫಾಂಟ್ ಎಲ್ಲಿತ್ತು? ಅದೇ ಡಿಸ್ಕಿನಲ್ಲಿ, ವಿಂಡೋಸ್ ಫೋಲ್ಡರಿನ ಫಾಂಟ್ಸ್ ಒಳಗೆ. ಅಂಗಡಿಯಲ್ಲಿ ಅಳಿಸಲು ಹೊರಟಿದ್ದ ಡಿಸ್ಕ್ ಅದು. ಫಾಂಟ್ ಹಾಕಿ ಮತ್ತೆ ತೆರೆದೆ. ಮೊದಲ ಸಾಲಿನಲ್ಲಿ "ಶನಿವಾರದ ಬಟವಾಡೆ" ಅಂತಿತ್ತು. ಕೆಳಗೆ ಆಳುಗಳ ಹೆಸರು, ದಿನಗೂಲಿ, ಮುಂಗಡ. ಅತ್ತೆ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಅದರಲ್ಲಿ ಇಬ್ಬರು ಈಗಲೂ ತೋಟಕ್ಕೆ ಬರುತ್ತಾರೆ.

ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಕನ್ನಡಕ್ಕೇ ಬೇರೆ ಸಂಕೇತಗಳಿರುವ ಪದ್ಧತಿಗೆ, ಬದಲಾಯಿಸಿದೆ, ಹಳೇ ಫೈಲುಗಳನ್ನೂ ಉಳಿಸಿದೆ. ಎಕ್ಸ್‌ಪಿಯನ್ನು ಮತ್ತೆ ಹಾಕಿದಾಗ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು. ರೀಜನಲ್ ಸೆಟ್ಟಿಂಗ್ಸ್‌ನಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಬೇಕು. ಹಾಕಿದರೆ ಅದು ಸಿ.ಡಿ. ಕೇಳಿತು! ಐ386 ಫೋಲ್ಡರ್ ತೋರಿಸಿದೆ, ಸುಮ್ಮನಾಯಿತು.

ಸರಿ, ಈಗ ಆ ಗೋಣಿಚೀಲ ಬಿಚ್ಚೋಣ. ಸ್ಕ್ರೂಡ್ರೈವರ್ ಕೊಡಿ. ಯಾರೂ ಪ್ಲಗ್ ಹಾಕಬೇಡಿ, ಮೊದಲು ಮುಚ್ಚಳ ತೆಗೆಯುತ್ತೇನೆ. ಹಿಂದೆ ಕೂತವರು ಮುಂದೆ ಬನ್ನಿ, ಕೆಪಾಸಿಟರ್ ತಲೆ ಹತ್ತಿರದಿಂದಲೇ ನೋಡಬೇಕು.