ಮೊದಲ ಡೋಸ್‌ಗೆ ಮೊದಲು ಒಂದು ಎಂ.ಎಲ್. ರಕ್ತ

ಅಧ್ಯಕ್ಷರೇ, ಮಕ್ಕಳ ವಿಭಾಗದ ಸಿಸ್ಟರ್‌ಗಳೇ, ಸ್ನಾತಕೋತ್ತರ (ಪಿ.ಜಿ.) ವಿದ್ಯಾರ್ಥಿ ಮಿತ್ರರೇ, ಲ್ಯಾಬ್‌ನಿಂದ ಬಿಡುವು ಮಾಡಿಕೊಂಡು ಬಂದಿರುವ ತಂತ್ರಜ್ಞರೇ,

ನವೆಂಬರ್ 18ರಿಂದ 24ರವರೆಗಿನ ಈ ವಾರದಲ್ಲಿ ಆಂಟಿಬಯಾಟಿಕ್ ಪ್ರತಿರೋಧದ ಬಗ್ಗೆ ಪೋಸ್ಟರ್ ಬರೆಯುತ್ತೇವೆ, ಪ್ರತಿಜ್ಞೆ ಮಾಡುತ್ತೇವೆ. ಪ್ರತಿರೋಧ ಎಂದರೇನು ಎಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಮೆರೋಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್ ಎದುರಿಗೆ ‘ಆರ್’, ಅಂದರೆ ರೆಸಿಸ್ಟೆಂಟ್, ಔಷಧಿಗೆ ಬಗ್ಗದ್ದು, ಎಂದಿರುವ ವರದಿ ಕೈಗೆ ಬಂದಾಗ ಎದೆ ಹೇಗೆ ಧಸಕ್ಕೆನ್ನುತ್ತದೆ ಎಂಬುದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಆದ್ದರಿಂದ ನೇರವಾಗಿ ನನ್ನ ಮಾತಿಗೆ ಬರುತ್ತೇನೆ. ರಕ್ತದ ಸೋಂಕಿನ ಅನುಮಾನವಿರುವ ನವಜಾತ ಶಿಶುವಿಗೆ ಆಂಟಿಬಯಾಟಿಕ್‌ನ ಮೊದಲ ಡೋಸ್ ಹೋಗುವ ಮೊದಲು, ಸರಿಯಾಗಿ ತೆಗೆದ ಒಂದು ಎಂ.ಎಲ್. ರಕ್ತ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಬಾಟಲಿಯಲ್ಲಿರಬೇಕು. ಇದನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಅರ್ಧ ಎಂ.ಎಲ್. ಸಾಲದೇ? ಸಾಲದು. ನವಜಾತ ಶಿಶುವಿನ ರಕ್ತದಲ್ಲಿ ಕೆಲವೊಮ್ಮೆ ಎಂ.ಎಲ್.ಗೆ ಬೆರಳೆಣಿಕೆಯಷ್ಟೇ ಬ್ಯಾಕ್ಟೀರಿಯಾ ಇರುತ್ತವೆ. 0.3 ಎಂ.ಎಲ್. ಎಳೆದರೆ ಅವು ಸಿರಿಂಜಿಗೇ ಬರದಿರಬಹುದು. ವರದಿಯಲ್ಲಿ ‘ನೋ ಗ್ರೋತ್’, ಮಗು ಮಾತ್ರ ಹಾಲು ಬಿಟ್ಟು, ಮೈ ತಣ್ಣಗಾಗಿ ಮಲಗಿರುತ್ತದೆ. ‘ಇಷ್ಟು ಚಿಕ್ಕ ಮಗುವಿಂದ ಒಂದು ಎಂ.ಎಲ್. ತೆಗೆಯೋದಾ ಸಾರ್?’ ಎಂದು ಕೇಳುವವರಿಗೆ ಲೆಕ್ಕ ಇಲ್ಲಿದೆ: ಶಿಶುವಿನ ಮೈಯಲ್ಲಿ ಕೆ.ಜಿ.ಗೆ 80ರಿಂದ 85 ಎಂ.ಎಲ್. ರಕ್ತ ಇರುತ್ತದೆ. ಒಂದೂವರೆ ಕೆ.ಜಿ. ಮಗುವಿಗೆ 120 ಎಂ.ಎಲ್. ಆಯಿತು. ಅದರಲ್ಲಿ ಒಂದು ಎಂ.ಎಲ್. ಎಂದರೆ ಶೇ. 1ಕ್ಕಿಂತ ಕಡಿಮೆ. ಸೋಂಕಿನ ಸುಳಿವು ನೋಡುವ ಸಿಆರ್‌ಪಿ ಪರೀಕ್ಷೆ, ಮರುದಿನ ಮತ್ತೆ ಸಿಆರ್‌ಪಿ ಎಂದು ಹೋಗುವ ರಕ್ತವನ್ನು ಒಮ್ಮೆ ಕೂಡಿಸಿ ನೋಡಿ. ಹಿಂದಿನ ಸಾಲಿನ ಪಿ.ಜಿ.ಗಳು ನಗುತ್ತಿದ್ದೀರಿ, ಕೂಡಿಸಿ ನೋಡಿದ್ದೀರಿ ಅಂತಾಯಿತು.

ತೆಗೆಯುವ ಕ್ರಮ. ಹೊಸ ಜಾಗದಲ್ಲಿ ಚುಚ್ಚಿ, ಡ್ರಿಪ್‌ಗೆಂದು ಮೊದಲೇ ಇರುವ ಕ್ಯಾನುಲಾದಿಂದ ಎಳೆಯಬೇಡಿ. ಸ್ಪಿರಿಟ್ ಹಚ್ಚಿ ಒಣಗಲು ಬಿಡಿ, ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಅದು ಒಣಗಲು ಒಂದರಿಂದ ಎರಡು ನಿಮಿಷ ಬೇಕು. ಎಲ್ಲರೂ ಎಡವುವುದು ಈ ಎರಡು ನಿಮಿಷದಲ್ಲೇ. ಒದ್ದೆಯಿರುವಾಗ ಚುಚ್ಚಿದರೆ ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬಾಟಲಿ ಸೇರುತ್ತದೆ, ವರದಿಯಲ್ಲಿ ಅದೇ ‘ಕಾನ್ಸ್’ ಎಂದು ಬರುತ್ತದೆ, ಬೇಡದ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಶುರುವಾಗುತ್ತದೆ. ಒಣಗಿದ ಮೇಲೆ ರಕ್ತನಾಳ ಎಲ್ಲಿದೆ ಎಂದು ಬೆರಳಿಟ್ಟು ಮತ್ತೆ ಹುಡುಕಬಾರದು. ಬಾಟಲಿಯ ಮುಚ್ಚಳ ತೆಗೆದಾಗ ಕಾಣುವ ರಬ್ಬರನ್ನೂ ಸ್ಪಿರಿಟ್‌ನಿಂದ ಒರೆಸಿ. ಕೆಲಸ ಮುಗಿದ ಮೇಲೆ ಮಗುವಿನ ಚರ್ಮದ ಮೇಲೆ ಅಯೋಡಿನ್ ಬಿಡಬೇಡಿ, ದಿನ ತುಂಬದೆ ಹುಟ್ಟಿದ ಮಗುವಿನ ತೆಳು ಚರ್ಮ ಅದನ್ನು ಹೀರಿಕೊಳ್ಳುತ್ತದೆ. ತುಂಬಿದ ಬಾಟಲಿ ಫ್ರಿಜ್‌ಗೆ ಹೋಗಕೂಡದು. ರಾತ್ರಿ ಲ್ಯಾಬ್ ಮುಚ್ಚಿದ್ದರೆ ಫ್ರಿಜ್‌ನ ಹೊರಗೇ ಇರಲಿ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತಲುಪಲಿ.

ಒಂದು ಎಚ್ಚರಿಕೆ. ಶಾಕ್‌ನಲ್ಲಿರುವ, ಅಂದರೆ ಸೋಂಕಿನಿಂದ ರಕ್ತಸಂಚಾರ ಕುಸಿದಿರುವ, ಮಗುವಿಗೆ ಒಂದು ಗಂಟೆಯೊಳಗೆ ಔಷಧಿ ಹೋಗಲೇಬೇಕು. ರಕ್ತ ಸಿಗಲಿಲ್ಲವೆಂದು ಕಾಯುತ್ತ ಕೂರಬಾರದು.

ಈ ಒಂದು ಎಂ.ಎಲ್.ಗಾಗಿ ಇಷ್ಟು ಹಟ ಯಾಕೆ? ಔಷಧಿ ನಿಲ್ಲಿಸುವ ಧೈರ್ಯ ಬರುವುದು ಅದರಿಂದಲೇ. ಬೆಳೆಯಬೇಕಾದದ್ದು ಬಹುಪಾಲು ಮೊದಲ 36 ಗಂಟೆಯಲ್ಲಿ ಬೆಳೆದುಬಿಡುತ್ತದೆ. 48 ಗಂಟೆಗೆ ಏನೂ ಬೆಳೆದಿಲ್ಲ, ಮಗು ಚೆನ್ನಾಗಿದೆ ಎಂದರೆ ನಿಲ್ಲಿಸಬಹುದು. ಕಲ್ಚರ್ ಕಳಿಸದೆ ಶುರು ಮಾಡಿದವರು ಏಳು ದಿನ, ಹತ್ತು ದಿನ ಎಂದು ಎಳೆಯುತ್ತಾರೆ, ಏಕೆಂದರೆ ನಿಲ್ಲಿಸಲು ಅವರ ಕೈಯಲ್ಲಿ ಆಧಾರವೇ ಇಲ್ಲ.

ಯಾವ ಔಷಧಿಯಿಂದ ಶುರು ಮಾಡುತ್ತೇವೆ ಎನ್ನುವುದೂ ಅಷ್ಟೇ ಮುಖ್ಯ. ನೆದರ್‌ಲೆಂಡ್ಸ್‌ನ ಎರಡು ನವಜಾತ ಶಿಶು ಘಟಕಗಳಲ್ಲಿ ಒಂದು ಪ್ರಯೋಗ ನಡೆಯಿತು, 2000ದಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಘಟಕದಲ್ಲಿ ಪೆನಿಸಿಲಿನ್ ಮತ್ತು ಟೋಬ್ರಮೈಸಿನ್, ಇನ್ನೊಂದರಲ್ಲಿ ಅಮಾಕ್ಸಿಸಿಲಿನ್ ಮತ್ತು ಸೆಫೊಟ್ಯಾಕ್ಸಿಮ್. ಆರು ತಿಂಗಳ ನಂತರ ಅದಲುಬದಲು. ಕೊಡುತ್ತಿದ್ದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮಕ್ಕಳ ಮೈಯಲ್ಲಿ ನೆಲೆಸುವ ಸಂಭವ ಸೆಫೊಟ್ಯಾಕ್ಸಿಮ್ ಕೊಟ್ಟ ಕಡೆ 18 ಪಟ್ಟು. ಅದೇ ವಾರ್ಡ್, ಅದೇ ಸಿಸ್ಟರ್‌ಗಳು, ಬದಲಾದದ್ದು ಔಷಧಿಯ ಚೀಟಿ ಮಾತ್ರ.

ನಮ್ಮ ದೇಶಕ್ಕೆ ಬರೋಣ. 2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ, ಅಲ್ಲೇ ಹುಟ್ಟಿ ಐಸಿಯು ಸೇರಿದ 13,530 ಶಿಶುಗಳ ಅಧ್ಯಯನ ನಡೆಯಿತು. ರಕ್ತದ ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳಲ್ಲಿ ಅಸಿನೆಟೋಬ್ಯಾಕ್ಟರ್ ಶೇ. 22, ಕ್ಲೆಬ್ಸಿಯೆಲ್ಲಾ ಶೇ. 17. ಆ ಅಸಿನೆಟೋಬ್ಯಾಕ್ಟರ್‌ಗಳಲ್ಲಿ ಶೇ. 82ರಷ್ಟು ಹಲವು ಔಷಧಿಗಳಿಗೆ ಬಗ್ಗದಂಥವು. ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಸೆಪ್ಸಿಸ್, ಅಂದರೆ ರಕ್ತದ ಸೋಂಕು, ಆದವರಲ್ಲಿ ಮೂರನೇ ಎರಡು ಭಾಗ ಮಕ್ಕಳಿಗೆ ಅದು ಬಂದದ್ದು ಮೊದಲ 72 ಗಂಟೆಯೊಳಗೆ. ಇಷ್ಟು ಬೇಗ ಬಂದರೆ ತಾಯಿಯಿಂದ ಬಂದದ್ದು ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಇವು ಆಸ್ಪತ್ರೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು. ಹಾಗಾದರೆ ನಾವು ಹೆರಿಗೆ ಕೋಣೆಯ ಟ್ರೇ, ಸಕ್ಷನ್, ಉಸಿರು ಕೊಡುವ ರೀಸಸಿಟೇಶನ್ ಬ್ಯಾಗುಗಳ ಕಡೆ ನೋಡಬೇಕು.

ಇಲ್ಲಿ ನನಗೆ ಬಲು ಪ್ರಿಯವಾದ ಒಂದು ಪ್ರಸಂಗ ಹೇಳಬೇಕು, ಸ್ವಲ್ಪ ಉದ್ದವಾದರೂ. ಅಮೆರಿಕ, 1970ರ ಮಧ್ಯಭಾಗ. ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಡ್ರಿಪ್ ಹಾಕಿಸಿಕೊಂಡವರಿಗೆ ರಕ್ತದ ಸೋಂಕು. ಎಲ್ಲೆಡೆ ಬೆಳೆಯುತ್ತಿದ್ದದ್ದು ಎಂಟರೋಬ್ಯಾಕ್ಟರ್ ಕ್ಲೊಯೇಸಿ ಮತ್ತು ಆಗ ಎರ್ವಿನಿಯಾ ಎಂದು ಕರೆಯುತ್ತಿದ್ದ ಒಂದು ಬ್ಯಾಕ್ಟೀರಿಯಾ. ಕೈ ತೊಳೆದಿಲ್ಲ ಎಂದು ಸಿಸ್ಟರ್‌ಗಳನ್ನು ಬೈದಿರಬಹುದೇ? ಬೈದಿರುತ್ತಾರೆ, ಯಾವ ದೇಶದಲ್ಲಾದರೂ ಮೊದಲು ಬೈಸಿಕೊಳ್ಳುವವರು ಅವರೇ. ಆಂಟಿಬಯಾಟಿಕ್‌ಗೆ ಇಳಿಯದ ಜ್ವರ ಡ್ರಿಪ್ ತೆಗೆದೊಡನೆ ಇಳಿಯುತ್ತಿತ್ತು. ಆ ಸುಳಿವು ಹಿಡಿದು ಹೋದರೆ ಸಿಕ್ಕಿದ್ದು ಒಂದು ಕಂಪನಿಯ ಬಾಟಲಿಯ ತಿರುಗಿಸುವ ಮುಚ್ಚಳ. ಅದರ ಒಳಪದರದ ವಸ್ತುವನ್ನು ಆಗಷ್ಟೇ ಬದಲಾಯಿಸಿದ್ದರು. ಬ್ಯಾಕ್ಟೀರಿಯಾ ಆ ಪದರದ ಬಳಿ ಕುಳಿತಿದ್ದು, ಮುಚ್ಚಳ ತಿರುಗಿಸಿದಾಗ ದ್ರವಕ್ಕಿಳಿಯುತ್ತಿದ್ದವು. 1971ರ ಏಪ್ರಿಲ್ ಹೊತ್ತಿಗೆ 25 ಆಸ್ಪತ್ರೆಗಳಲ್ಲಿ 378 ರೋಗಿಗಳು. ಕ್ಲೆಬ್ಸಿಯೆಲ್ಲಾ, ಎಂಟರೋಬ್ಯಾಕ್ಟರ್ ಬಳಗಕ್ಕೆ ಶೇ. 5ರ ಗ್ಲೂಕೋಸ್ ದ್ರಾವಣ, ಕೋಣೆಯ ಉಷ್ಣತೆ, ಇಷ್ಟಿದ್ದರೆ ಹಬ್ಬ. ಎಂ.ಎಲ್.ಗೆ ಹತ್ತು ಲಕ್ಷ ಬೆಳೆದರೂ ದ್ರವ ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಇದೆಲ್ಲ ಬಯಲಾದದ್ದು ಒಂದೊಂದು ಊರಿನಲ್ಲೂ ಯಾರೋ ಕಲ್ಚರ್‌ಗೆ ರಕ್ತ ತೆಗೆದಿದ್ದರಿಂದ. ಲ್ಯಾಬ್‌ನವರು ಚಪ್ಪಾಳೆ ತಟ್ಟುತ್ತಿದ್ದಾರೆ, ತಟ್ಟಲಿ.

ಈಗ ನಮ್ಮ ವಾರ್ಡಿನಲ್ಲಿ ಗ್ಲೂಕೋಸ್ ಬಾಟಲಿಯ ರಬ್ಬರಿಗೆ ಚುಚ್ಚಿಟ್ಟ ಸೂಜಿಯನ್ನು ನೆನಪಿಸಿಕೊಳ್ಳಿ. ಒಂದೇ ಬಾಟಲಿಯಿಂದ ನಾಲ್ಕು ಮಕ್ಕಳಿಗೆ ಔಷಧಿ ಕರಗಿಸುವುದು, ತೆರೆದ ಹೆಪಾರಿನ್ ವಯಲ್ ಮರುದಿನವೂ ಟ್ರೇಯಲ್ಲಿರುವುದು. ಒಂದು ಮಗುವಿಗೆ ಒಂದು ಬಾಟಲಿ, ಕರಗಿಸಲು ಚಿಕ್ಕ ಆ್ಯಂಪೂಲ್, ಉಳಿದದ್ದು ಚೆಲ್ಲಿ. ಚೆಲ್ಲಿದ ಗ್ಲೂಕೋಸಿಗಿಂತ ಒಂದು ದಿನದ ಮೆರೋಪೆನೆಮ್ ದುಬಾರಿ.

ಐದು ನಿಮಿಷ ಎಂದು ಚೀಟಿ ಬಂದಿದೆ. ಉಳಿದದ್ದನ್ನು ಓಡಿಸುತ್ತೇನೆ.

ಕೊಲಿಸ್ಟಿನ್: ಈ ಆಂಟಿಬಯಾಟಿಕ್‌ಗೆ ಬ್ಯಾಕ್ಟೀರಿಯಾ ಬಗ್ಗುತ್ತದೆಯೇ ಎಂದು ಡಿಸ್ಕ್ ಇಟ್ಟು ನೋಡಿದ ವರದಿಯನ್ನು ನಂಬಬೇಡಿ, ಆ ಔಷಧಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಔಷಧಿಯನ್ನು ದ್ರವದಲ್ಲಿ ಹಂತ ಹಂತವಾಗಿ ತೆಳುಮಾಡಿ ನೋಡುವ ಬ್ರಾತ್ ಮೈಕ್ರೋಡೈಲ್ಯೂಶನ್ ಬೇಕು. ಕೋಳಿ, ಜಾನುವಾರುಗಳಿಗೆ ಅದನ್ನು ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದೆ. ಮೆರೋಪೆನೆಮ್‌ನಂಥ ಔಷಧಿಯನ್ನೇ ಒಡೆಯುವ ಎನ್‌ಡಿಎಂ ಕಿಣ್ವ ಇರುವ ಕ್ಲೆಬ್ಸಿಯೆಲ್ಲಾಗೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಒಂದೇ ಸಾಲದು, ಅಜ್ಟ್ರಿಯೊನಾಮ್ ಜೊತೆಗೆ ಬೇಕು. ಅದು ಎನ್‌ಡಿಎಂ ಎಂದು ತಿಳಿಯಲು ಬ್ಯಾಕ್ಟೀರಿಯಾ ಕೈಗೆ ಸಿಗಬೇಕು, ಸಿಗಬೇಕಾದರೆ ಮತ್ತದೇ ಒಂದು ಎಂ.ಎಲ್. ಕಾಂಗರೂ ಆರೈಕೆಗೆ ನಾಲ್ಕು ಸ್ಲೈಡ್ ಇಟ್ಟಿದ್ದೆ, ಒಂದು ವಾಕ್ಯ ಹೇಳುತ್ತೇನೆ: ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಮೈಗೆ ಮೈ ತಾಗುವಂತೆ ತಾಯಿಯ ಎದೆಗೆ ಒರಗಿಸಿದ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಕಾಲುಭಾಗ ಕಡಿಮೆಯಾಯಿತು, ಸೆಪ್ಸಿಸ್ ಕೂಡ ಕಡಿಮೆಯಾಯಿತು.

ಇನ್ನು ಪ್ರಶ್ನೆಗಳು. ಮೊದಲನೆಯದನ್ನು ನಾನೇ ಲ್ಯಾಬ್‌ನವರಿಗೆ ಕೇಳುತ್ತೇನೆ: ಭಾನುವಾರ ರಾತ್ರಿ ಹತ್ತಕ್ಕೆ ತೆಗೆದ ಬಾಟಲಿ ಮಷೀನಿಗೆ ಎಷ್ಟು ಗಂಟೆಗೆ ಹೋಗುತ್ತದೆ? ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಸ್ಟೇನ್‌ನಲ್ಲಿ ಏನಾದರೂ ಕಂಡರೆ ವಾರ್ಡಿನ ಯಾವ ನಂಬರಿಗೆ ಫೋನ್ ಮಾಡುತ್ತೀರಿ?