ಹಗ್ಗ, ಬ್ಯಾಟನ್ ಮತ್ತು ಆಪರೇಷನ್ ಥಿಯೇಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ಹಗ್ಗಜಗ್ಗಾಟ ನೋಡಿದ್ದೀರಿ ಅಲ್ವಾ? ಎಂಟು ಜನ ಸೇರಿ ಎಳೆದರೆ ಎಂಟು ಜನರ ಬಲ ಬರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಇದನ್ನು ಅಳೆದೇ ನೋಡಿದರು. 1913ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಎಂಟು ಜನ ಸೇರಿ ಎಳೆದಾಗ ಸಿಕ್ಕಿದ್ದು ಹೆಚ್ಚುಕಡಿಮೆ ನಾಲ್ಕೇ ಜನರ ಬಲ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದು ಕಷ್ಟ, ಅದೊಂದು ಕಾರಣ. ಇನ್ನೊಂದು ನಮಗೆಲ್ಲ ಗೊತ್ತಿರುವುದೇ: 'ಉಳಿದವರು ಎಳೀತಾರೆ ಬಿಡು.'

ನಾನೂ ಹಾಗೆ ಕೈ ಸಡಿಲ ಬಿಟ್ಟವನೇ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಸಂಜೆ ನಮ್ಮ ಗ್ರೂಪಿಗೆ ಮೆಸೇಜ್ ಬಂತು. 'ನಾಳೆ ಬೆಳಿಗ್ಗೆಯೊಳಗೆ ಯಾರಾದರೂ ಈ ಪಟ್ಟಿ ಒಮ್ಮೆ ನೋಡಿಬಿಡಿ.' ಕೆಳಗೆ ಹನ್ನೊಂದು ಹೆಬ್ಬೆರಳು ಬಿದ್ದವು, ಅದರಲ್ಲಿ ಒಂದು ನನ್ನದು. ಬೆಳಿಗ್ಗೆ ನೋಡಿದರೆ ಪಟ್ಟಿಯನ್ನು ಒಬ್ಬರೂ ತೆರೆದಿರಲಿಲ್ಲ.

ಆಫೀಸಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂತರೆ ಸಾಕು, ಅದಕ್ಕೆ ಟೀಮ್ ಅಂತೀವಿ. ಆದರೆ ಟೀಮ್‌ಗಳಲ್ಲೇ ಮೂರು ಬಗೆ. ಜೇಮ್ಸ್ ಥಾಂಪ್ಸನ್ ಎಂಬ ಸಮಾಜಶಾಸ್ತ್ರಜ್ಞರು 1967ರಲ್ಲೇ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸವನ್ನು ಎಷ್ಟು ನೆಚ್ಚಿಕೊಂಡಿದೆ ಅಂತ ನೋಡಿ, ಆಮೇಲೆ ಹೇಗೆ ನಡೆಸಬೇಕು ಅನ್ನೋದು ತಾನೇ ತಿಳಿಯುತ್ತದೆ ಎಂಬುದು ಅವರ ಮಾತಿನ ಸಾರ.

ಮೊದಲನೆಯದಕ್ಕೆ, ಗ್ರಾಹಕರ ಫೋನ್ ತೆಗೆದುಕೊಳ್ಳುವ ಹತ್ತು ಜನರನ್ನು ನೋಡಿ. ಒಬ್ಬರು ರಜೆ ಹಾಕಿದರೂ ಪಕ್ಕದವರ ಕರೆ ನಿಲ್ಲುವುದಿಲ್ಲ. ಇವರಿಗೆ ಒಂದೇ ರೀತಿಯ ನಿಯಮ ಕೊಟ್ಟರೆ ಸಾಕು. ದಿನಕ್ಕೆರಡು ಮೀಟಿಂಗ್ ಕರೆಯುವುದು ಸುಮ್ನೆ ಕಾಟ.

ಎರಡನೆಯದು ರಿಲೇ ಓಟದ ಥರ. ವಿನ್ಯಾಸ ಮಾಡುವವರು, ತಯಾರಿಸುವವರು, ತಪಾಸಣೆ ಮಾಡುವವರು, ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ಕೆಲಸ ದಾಟಬೇಕು. ನೂರು ಮೀಟರ್ ರಿಲೇಯಲ್ಲಿ ಬ್ಯಾಟನ್ ಬದಲಿಸಲು ಇರುವ ಜಾಗ ಬರೀ 30 ಮೀಟರ್. ಎಂಥ ವೇಗದ ಓಟಗಾರರೂ ಅಲ್ಲೇ ಎಡವುತ್ತಾರೆ. ಶುಕ್ರವಾರ ಸಂಜೆ ಫೈಲ್ ಕಳಿಸಿ, 'ಎಲ್ಲ ಅದರಲ್ಲೇ ಇದೆ' ಅಂತ ಬರೆದು ಮನೆಗೆ ಹೋಗುತ್ತೇವಲ್ಲ, ಬ್ಯಾಟನ್ ಕೆಳಗೆ ಬೀಳುವುದು ಆಗ. ಏನು ಮುಗಿದಿದೆ, ಏನು ಬಾಕಿ, ಎಲ್ಲಿ ಅನುಮಾನ ಇದೆ ಅಂತ ಐದು ನಿಮಿಷ ಎದುರು ಕೂತು ಹೇಳಿದ್ದರೆ ಸೋಮವಾರ ಅರ್ಧ ದಿನ ಉಳಿಯುತ್ತಿತ್ತು.

ಮೂರನೆಯದೇ ಕಷ್ಟದ್ದು. ಆಪರೇಷನ್ ಥಿಯೇಟರ್ ನೆನೆಸಿಕೊಳ್ಳಿ. ಸರ್ಜನ್, ಅರಿವಳಿಕೆ ಕೊಡುವವರು, ನರ್ಸ್, ಎಲ್ಲರ ಕೈಯೂ ಏಕಕಾಲಕ್ಕೆ ಆಡುತ್ತಿರುತ್ತದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗಾಗಿ ಒಂದು ಚೆಕ್‌ಲಿಸ್ಟ್ ತಂದಿತು. ಕತ್ತರಿಸುವ ಮೊದಲು ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಅನ್ನೋದೂ ಅದರಲ್ಲಿದೆ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಹೆಸರು ಹೇಳಿದ್ದರಿಂದಲೇ ಅಷ್ಟೂ ಆಯಿತು ಅಂತಲ್ಲ, ಪಟ್ಟಿಯಲ್ಲಿ ಇನ್ನೂ ಬೇಕಾದಷ್ಟಿತ್ತು. ಆದರೆ ಒಮ್ಮೆ ಬಾಯಿ ಬಿಟ್ಟವರಿಗೆ ಎರಡನೇ ಸಲ ಬಾಯಿ ಬಿಡುವುದು ಸುಲಭ.

ಜನ ಜಾಸ್ತಿಯಾದಷ್ಟೂ ಹೀಗೆ ಒಬ್ಬರಿಗೊಬ್ಬರು ಹೇಳಿ ಕೇಳಿ ಮಾಡುವುದು ಕಷ್ಟ. ಐದು ಜನರಲ್ಲಿ ಇಬ್ಬಿಬ್ಬರ ಜೋಡಿ ಹತ್ತು. ಹತ್ತು ಜನರಾದರೆ ನಲವತ್ತೈದು!

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡು ಹೋದವರು ಅವರು. ಲೆಕ್ಕ ತಿರುಗುಮುರುಗಾಯಿತು, ಅಲ್ಲೇ ಜಾಸ್ತಿ! ವಿಚಾರಿಸಿ ನೋಡಿದರೆ, ಆ ತಂಡಗಳವರು ತಪ್ಪಾದಾಗ ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ತಪ್ಪುಗಳು ಮೇಲಿನವರ ಕಿವಿಗೇ ಬೀಳುತ್ತಿರಲಿಲ್ಲ.

ನಮ್ಮ ಪಟ್ಟಿಯ ಕಥೆ ಆದ ಮೇಲೆ ಮುಖ್ಯಸ್ಥರು ಎರಡು ಬದಲಾವಣೆ ಮಾಡಿದರು. 'ಯಾರಾದರೂ' ಅನ್ನುವ ಕಡೆ ಒಬ್ಬರ ಹೆಸರು ಬಂತು. 'ಎಲ್ಲ ಸರಿ ಇದೆ ತಾನೇ?' ಅಂತ ಕೇಳುತ್ತಿದ್ದವರು, 'ಇದರಲ್ಲಿ ಎಲ್ಲಿ ಎಡವಬಹುದು?' ಅಂತ ಕೇಳತೊಡಗಿದರು. ಮೊದಲ ಎರಡು ವಾರ ಎಲ್ಲರೂ ಟೇಬಲ್ ನೋಡುತ್ತಾ ಕೂತೆವು. ಮೂರನೇ ವಾರ, ಹೊಸದಾಗಿ ಸೇರಿದ್ದ ಹುಡುಗಿ ಮೆಲ್ಲಗೆ ಕೈ ಎತ್ತಿದಳು. 'ಸರ್, ಆ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆ. ಹೋದ ವಾರವೇ ನೋಡಿದ್ದೆ.'

ನಮಸ್ಕಾರ.