ವಾಕ್ಯವೊಂದು ತನ್ನನ್ನೇ ಕುರಿತು ನುಡಿದಾಗ

ಸ್ನೇಹಿತರೇ,

ಹಲಗೆಯ ಮೇಲೆ ಒಂದು ವಾಕ್ಯ ಬರೆದಿದ್ದೇನೆ: "ಈ ವಾಕ್ಯದಲ್ಲಿ ನಾಲ್ಕು ಪದಗಳಿವೆ." ಎಣಿಸಿ ನೋಡಿ. ನಾಲ್ಕೇ ಇವೆ, ವಾಕ್ಯ ನಿಜ. ಈಗ ಕೊನೆಯ ಪದದ ಲೋಪಸಂಧಿಯನ್ನು ಬಿಡಿಸಿ "ಪದಗಳು ಇವೆ" ಎಂದು ಬರೆಯುತ್ತೇನೆ. ಪದಗಳು ಐದಾದವು, ವಾಕ್ಯ ಸುಳ್ಳಾಯಿತು. ಹೇಳಿಕೆ ಬದಲಾಗಲಿಲ್ಲ, ಅದನ್ನು ಬರೆದ ರೂಪ ಬದಲಾಯಿತು, ಅಷ್ಟೇ. ತನ್ನನ್ನೇ ಕುರಿತ ವಾಕ್ಯಕ್ಕೆ ತನ್ನ ರೂಪವೇ ವಿಷಯ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಎರಡು ವಾಕ್ಯಗಳಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಕೊಡುವುದು "ಈ ವಾಕ್ಯ ಸುಳ್ಳು" ಎಂಬ ಹಳೆಯ ಒಗಟು. ಅದು ನಿಜವೆಂದರೆ ಸುಳ್ಳಾಗುತ್ತದೆ, ಸುಳ್ಳೆಂದರೆ ನಿಜವಾಗುತ್ತದೆ. ಇದನ್ನು ಕಂಡು ಬೆಚ್ಚಿದ ಅನೇಕರು, ವಾಕ್ಯ ತನ್ನನ್ನೇ ಕುರಿತು ಮಾತನಾಡುವುದನ್ನೇ ನಿಷೇಧಿಸಬೇಕು ಎಂದರು. ನಾನು ಒಪ್ಪುವುದಿಲ್ಲ. ತಪ್ಪು "ಈ" ಎಂಬ ಪದದ್ದಲ್ಲ, "ಸುಳ್ಳು" ಎಂಬ ಪದದ್ದು. ಇದನ್ನು ತೋರಿಸಿಕೊಡುವುದು ಗಣಿತವೇ.

ಅಂಕಗಣಿತದ ಭಾಷೆಯಲ್ಲಿ "ನಾನು" ಇಲ್ಲ, "ಈ" ಇಲ್ಲ. ಸಂಖ್ಯೆಗಳು, ಕೂಡುವಿಕೆ, ಗುಣಾಕಾರ, ಕೆಲವು ತಾರ್ಕಿಕ ಚಿಹ್ನೆಗಳು, ಇಷ್ಟೇ. ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ 1931ರ ತಮ್ಮ ಪ್ರಬಂಧದಲ್ಲಿ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಟ್ಟರು. ಸೊನ್ನೆಯ ಚಿಹ್ನೆಗೆ 1, "ಮುಂದಿನ ಸಂಖ್ಯೆ" ಎಂಬ ಚಿಹ್ನೆಗೆ 3. ಹಾಗಾದರೆ "ಸೊನ್ನೆಯ ಮುಂದಿನ ಸಂಖ್ಯೆ" ಎಂಬ ಎರಡು ಚಿಹ್ನೆಗಳ ಬರವಣಿಗೆಗೆ ಸಂಖ್ಯೆ ಯಾವುದು? ಅವಿಭಾಜ್ಯ ಸಂಖ್ಯೆಗಳನ್ನು ಸಾಲಾಗಿ ತೆಗೆದುಕೊಂಡು, ಚಿಹ್ನೆಗಳ ಸಂಖ್ಯೆಗಳನ್ನು ಅವುಗಳ ಘಾತಗಳಾಗಿ ಇಡಿ: 2ರ ಘಾತ 3, 3ರ ಘಾತ 1. ಎಂಟು ಮೂರಲಿ ಇಪ್ಪತ್ತನಾಲ್ಕು. 24ನ್ನು ಅಪವರ್ತಿಸಿದರೆ ಮೂಲ ಬರವಣಿಗೆ ಹಾಗೆಯೇ ಮರಳಿ ಸಿಗುತ್ತದೆ. ವಾಕ್ಯಗಳಿಗೂ ಹೀಗೆಯೇ, ವಾಕ್ಯಗಳ ಸಾಲೇ ಆದ ಸಾಧನೆಗಳಿಗೂ, ಅಂದರೆ ಗಣಿತದ ರುಜುವಾತುಗಳಿಗೂ, ಹೀಗೆಯೇ. ವಾಕ್ಯದ ರೂಪ ಈಗ ಒಂದು ಸಂಖ್ಯೆ. ಹಾಗಾಗಿ "ಇಂಥ ವಾಕ್ಯಕ್ಕೆ ಸಾಧನೆ ಇದೆ" ಎನ್ನುವುದು ಸಂಖ್ಯೆಗಳ ನಡುವಿನ ಒಂದು ಸಂಬಂಧ. ಗೋಡೆಲ್ ಆ ಸಂಬಂಧವನ್ನು ಅಂಕಗಣಿತದೊಳಗೇ ಬರೆದು ತೋರಿಸಿದರು.

ಆದರೂ ಒಂದು ತೊಡಕು ಉಳಿಯಿತು. ವಾಕ್ಯ ತನ್ನ ಸಂಖ್ಯೆಯನ್ನು ಅಂಕಿಯಾಗಿ ತನ್ನೊಳಗೇ ಬರೆದುಕೊಳ್ಳಲು ಹೊರಟರೆ, ಬರೆದಷ್ಟೂ ಆ ಸಂಖ್ಯೆ ದೊಡ್ಡದಾಗುತ್ತಾ ಹೋಗುತ್ತದೆ, ಎಂದೂ ಕೈಗೆ ಸಿಗುವುದಿಲ್ಲ. ಇದಕ್ಕೆ ಗೋಡೆಲ್ ಕಂಡುಕೊಂಡ ಉಪಾಯವನ್ನು ಕನ್ನಡದ "ಎಂಬ" ಎಷ್ಟು ಸೊಗಸಾಗಿ ತೋರಿಸುತ್ತದೆ ನೋಡಿ. ಇಲ್ಲಿ ಖಾಲಿ ಜಾಗವಿರುವ ಒಂದು ಮಾದರಿ ಇದೆ:

—— ಎಂಬ ಮಾದರಿಯ ಖಾಲಿ ಜಾಗದಲ್ಲಿ ಅದೇ ಮಾದರಿಯನ್ನು ತುಂಬಿದರೆ ಸಿಗುವ ವಾಕ್ಯಕ್ಕೆ ಸಾಧನೆ ಇಲ್ಲ.

ಖಾಲಿ ಜಾಗದಲ್ಲಿ ಇದೇ ಮಾದರಿಯನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಿ:

"—— ಎಂಬ ಮಾದರಿಯ ಖಾಲಿ ಜಾಗದಲ್ಲಿ ಅದೇ ಮಾದರಿಯನ್ನು ತುಂಬಿದರೆ ಸಿಗುವ ವಾಕ್ಯಕ್ಕೆ ಸಾಧನೆ ಇಲ್ಲ" ಎಂಬ ಮಾದರಿಯ ಖಾಲಿ ಜಾಗದಲ್ಲಿ ಅದೇ ಮಾದರಿಯನ್ನು ತುಂಬಿದರೆ ಸಿಗುವ ವಾಕ್ಯಕ್ಕೆ ಸಾಧನೆ ಇಲ್ಲ.

ನಿಧಾನವಾಗಿ ಓದಿ. ಈ ವಾಕ್ಯ ಹೇಳಿದಂತೆ ತುಂಬಿದರೆ ಸಿಗುವುದು ಯಾವುದು? ಇದೇ ವಾಕ್ಯ. "ನಾನು" ಎನ್ನದೆಯೇ ಅದು ತನ್ನತ್ತ ಬೆರಳು ತೋರಿತು. ಮೊದಲ ಬಾರಿಗೆ ಇದನ್ನು ಅರ್ಥಮಾಡಿಕೊಂಡ ದಿನದ ಸಂತೋಷ ನನಗೆ ಇನ್ನೂ ಹಸಿಯಾಗಿದೆ.

ಅಂಕಗಣಿತದ ಸ್ವಯಂಸಿದ್ಧಗಳು, ಅಂದರೆ ಸಾಧನೆ ಕೇಳದೆ ಒಪ್ಪಿಕೊಂಡ ವಾಕ್ಯಗಳು, ಮತ್ತು ಅವುಗಳಿಂದ ಬೇರೆ ವಾಕ್ಯಗಳನ್ನು ಸಾಧಿಸುವ ನಿಯಮಗಳು, ಇವೆಲ್ಲ ಸೇರಿ ನಮ್ಮ ವ್ಯವಸ್ಥೆ. ಅದು ಸುಳ್ಳನ್ನು ಸಾಧಿಸುವುದಿಲ್ಲ ಎಂದಿಟ್ಟುಕೊಳ್ಳೋಣ. ಈ ವಾಕ್ಯಕ್ಕೆ ಸಾಧನೆ ಸಿಕ್ಕರೆ ಸುಳ್ಳೊಂದು ಸಾಧಿತವಾದಂತೆ. ಆದ್ದರಿಂದ ಸಾಧನೆ ಇಲ್ಲ. ವಾಕ್ಯ ಹೇಳುವುದೂ ಅದನ್ನೇ, ಆದ್ದರಿಂದ ಅದು ನಿಜ. ನಿಜವಾದುದರಿಂದ ಅದರ ನಿರಾಕರಣೆಗೂ ಸಾಧನೆ ಇರಲಾರದು. ವ್ಯವಸ್ಥೆ ಸುಸಂಗತವಾಗಿದ್ದರೆ, ಅಂದರೆ ತನ್ನೊಳಗೆ ವಿರೋಧವಿಲ್ಲದಿದ್ದರೆ ಸಾಕು, ಇಂಥ ವಾಕ್ಯವೊಂದು ಇರುತ್ತದೆ ಎಂದು 1936ರಲ್ಲಿ ರಾಸ್ಸರ್ ತೋರಿಸಿದರು. ಅದಕ್ಕಾಗಿ ಅವರು ವಾಕ್ಯವನ್ನೇ ತುಸು ಬದಲಿಸಬೇಕಾಯಿತು.

ಮಾದರಿಯ ಕೊನೆಯಲ್ಲಿ "ಸಾಧನೆ ಇಲ್ಲ" ಇದ್ದ ಜಾಗದಲ್ಲಿ, ಅಂಕಗಣಿತದಲ್ಲಿ ಹೇಳಬಲ್ಲ ಯಾವ ಗುಣವನ್ನು ಬೇಕಾದರೂ ಇಡಬಹುದು. "ನಿಜವಲ್ಲ" ಎಂದು ಇಟ್ಟರೆ? ಆ ಹಳೆಯ ಒಗಟು ಅಂಕಗಣಿತದೊಳಗೇ ಬಂದು ಕೂರುತ್ತದೆ. ಆದರೆ ಅದು ಬರಲಾರದು. ಆದ್ದರಿಂದ ಅಂಕಗಣಿತದ ಸತ್ಯವನ್ನು ಅಂಕಗಣಿತದ ಭಾಷೆಯಲ್ಲಿ ವ್ಯಾಖ್ಯಾನಿಸಲು ಬರುವುದಿಲ್ಲ. ಇದು ಟಾರ್ಸ್ಕಿ ಅವರ ಪ್ರಮೇಯ. ತಪ್ಪು ಯಾವ ಪದದ್ದು ಎಂದು ಆಗ ಹೇಳಿದೆನಲ್ಲ, ಆಧಾರ ಇದೇ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ವಾಕ್ಯ. ಅಲ್ಲೇ "ಸಾಧನೆ ಇದೆ" ಎಂದು ಇಟ್ಟರೆ ಏನಾಗುತ್ತದೆ? ಲಿಯಾನ್ ಹೆಂಕಿನ್ 1952ರಲ್ಲಿ ಕೇಳಿದ ಪ್ರಶ್ನೆಯಿದು. "ಈ ವಾಕ್ಯ ನಿಜ" ಎಂಬುದನ್ನು ನಿಜವೆಂದರೂ ನಡೆಯುತ್ತದೆ, ಸುಳ್ಳೆಂದರೂ ನಡೆಯುತ್ತದೆ. "ನನಗೆ ಸಾಧನೆ ಇದೆ" ಎನ್ನುವುದೂ ಹಾಗೆಯೇ ಅತಂತ್ರವಾಗಿ ನಿಲ್ಲುತ್ತದೆ ಎಂದು ಯಾರಿಗಾದರೂ ತೋರುತ್ತದೆ. 1955ರಲ್ಲಿ ಮಾರ್ಟಿನ್ ಲೋಬ್ ಉತ್ತರ ಕೊಟ್ಟರು: ಅದಕ್ಕೆ ಸಾಧನೆ ಇದೆ!

ಅವರ ದಾರಿಗಿಂತ ಚಿಕ್ಕ ದಾರಿಯೊಂದನ್ನು ತೋರಿಸುತ್ತೇನೆ. ಗೋಡೆಲ್ ಅವರ ಎರಡನೆಯ ಪ್ರಮೇಯ ಇಲ್ಲಿ ಬೇಕು: ಸುಸಂಗತವಾದ ವ್ಯವಸ್ಥೆ ತನ್ನ ಸುಸಂಗತತೆಯನ್ನು ತಾನೇ ಸಾಧಿಸಲಾರದು. ಹೆಂಕಿನ್ ವಾಕ್ಯಕ್ಕೆ ನಮ್ಮ ವ್ಯವಸ್ಥೆಯಲ್ಲಿ ಸಾಧನೆ ಇಲ್ಲ ಎಂದು ಊಹಿಸಿ. ಆಗ ಅದರ ನಿರಾಕರಣೆಯನ್ನು ಹೊಸ ಸ್ವಯಂಸಿದ್ಧವಾಗಿ ಸೇರಿಸಿದರೂ ವಿರೋಧ ಹುಟ್ಟುವುದಿಲ್ಲ, ಹಿಗ್ಗಿದ ವ್ಯವಸ್ಥೆ ಸುಸಂಗತವಾಗಿಯೇ ಇರುತ್ತದೆ. ಈ ಹೊಸ ಸ್ವಯಂಸಿದ್ಧ ಹೇಳುವುದೇನು? "ಹೆಂಕಿನ್ ವಾಕ್ಯಕ್ಕೆ ಹಳೆಯ ವ್ಯವಸ್ಥೆಯಲ್ಲಿ ಸಾಧನೆ ಇಲ್ಲ" ಎಂದು. ಅದಕ್ಕೆ ಸಾಧನೆ ಇಲ್ಲವಾದರೆ ನಿರಾಕರಣೆಯನ್ನು ಸೇರಿಸಿದಾಗ ವಿರೋಧ ಹುಟ್ಟದು ಎಂದು ನಾವು ಈಗತಾನೇ ತರ್ಕಿಸಿದೆವು. ಅಷ್ಟು ತರ್ಕ ಹಿಗ್ಗಿದ ವ್ಯವಸ್ಥೆಗೂ ಬರುತ್ತದೆ. ಅಂದರೆ ಅದು ತನ್ನ ಸುಸಂಗತತೆಯನ್ನು ತಾನೇ ಸಾಧಿಸಿಬಿಡುತ್ತದೆ. ಎರಡನೆಯ ಪ್ರಮೇಯ ಅದಕ್ಕೆ ಆಸ್ಪದ ಕೊಡುವುದಿಲ್ಲ. ನಮ್ಮ ಊಹೆ ಬಿದ್ದುಹೋಯಿತು. ಹೆಂಕಿನ್ ವಾಕ್ಯಕ್ಕೆ ಸಾಧನೆ ಇದ್ದೇ ಇದೆ, ಮತ್ತು ತನ್ನ ಬಗ್ಗೆ ಅದು ಹೇಳಿಕೊಂಡದ್ದೂ ಅಷ್ಟನ್ನೇ.